ಮುಖಸ್ತುತಿ ಮಾಡುವ ಕನ್ನಡಿ: ಪುಷ್ಕಿನ್‌ನ ಎರಡು ಚಿತ್ರಗಳಲ್ಲಿ ನಿಮಗೆ ಯಾವುದು ನಿಜ?

ತುಂಗೆಯ ದಡ

ಹೋದ ತಿಂಗಳು ಮಾಸ್ಕೋಗೆ ಹೋಗಿ ಬಂದೆ. ಅಣ್ಣನ ಮಗಳು ಅಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅವಳೇ ತ್ರೆತ್ಯಾಕೋವ್ ಗ್ಯಾಲರಿಗೆ ಕರೆದುಕೊಂಡು ಹೋದಳು. ಒಂದು ಕೋಣೆ ಮುಗಿದರೆ ಇನ್ನೊಂದು ಕೋಣೆ. ಕಾಲು ಸೋತು ನಿಂತಾಗ ಎದುರಿಗೆ ರಷ್ಯಾದ ಕವಿ ಪುಷ್ಕಿನ್ ಇದ್ದ. ಒರೆಸ್ತ್ ಕಿಪ್ರೆನ್‌ಸ್ಕಿ 1827ರಲ್ಲಿ ಬರೆದ ತೈಲಚಿತ್ರ.

ಪುಸ್ತಕಗಳಲ್ಲಿ ನೋಡಿ ನೋಡಿ ಗೋಡೆ ತುಂಬುವಷ್ಟು ದೊಡ್ಡದಿರಬೇಕು ಅಂದುಕೊಂಡಿದ್ದೆ. 63 ಸೆಂಟಿಮೀಟರ್ ಎತ್ತರ, 54 ಅಗಲ, ಅಷ್ಟೇ. ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದಾನೆ. ಕಪ್ಪು ಕೋಟು, ಹೆಗಲ ಮೇಲೆ ಚೌಕಳಿ ಹೊದಿಕೆ, ಗುಂಗುರು ಕೂದಲು. ನೋಟ ನಮ್ಮ ಮೇಲಿಲ್ಲ, ಪಕ್ಕದಲ್ಲಿ ಎಲ್ಲೋ ಇದೆ. ಹಿಂದೆ ಲೈರ್ ಎಂಬ ತಂತಿವಾದ್ಯ ಹಿಡಿದ ಕಾವ್ಯದೇವತೆಯ ಪುಟ್ಟ ಮೂರ್ತಿ. ತುಂಬಾ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನೋಡ್ತಾ ನೋಡ್ತಾ ನನಗೆ ಸ್ವಲ್ಪ ಮುಜುಗರವಾಯಿತು. ಹಾರ ಹಾಕಿಸಿಕೊಳ್ಳಲು ಕುಳಿತವನ ಹಾಗಿದ್ದಾನೆ.

ಮಗು ಅಲ್ಲಿಯ ಅಂಗಡಿಯಲ್ಲಿ ಎರಡು ಕಾರ್ಡು ಕೊಡಿಸಿದಳು. ಒಂದು ಇದೇ ಚಿತ್ರ. ಇನ್ನೊಂದು ವಸೀಲಿ ತ್ರೊಪೀನಿನ್ ಬರೆದದ್ದು. ಅದೂ 1827ರದ್ದೇ. ಇದರಲ್ಲಿ ಪುಷ್ಕಿನ್ ಮನೆಯಲ್ಲಿ ತೊಡುವ ನಿಲುವಂಗಿಯಲ್ಲಿದ್ದಾನೆ. ಅಂಗಿಯ ಕೊರಳು ತೆರೆದಿದೆ, ಕೈ ಮೇಜಿನ ಮೇಲೆ, ಬೆರಳಲ್ಲಿ ಉಂಗುರ. ಈಗ ತಾನೇ ಕಾಫಿ ಕುಡಿದು ಲೋಟ ಕೆಳಗಿಟ್ಟವನ ಹಾಗಿದ್ದಾನೆ.

ಒಂದೇ ವರ್ಷ, ಒಬ್ಬನೇ ಮನುಷ್ಯ. ನೋಡಿದರೆ ಇಬ್ಬರು ಅನ್ನಿಸುತ್ತದೆ. ನನ್ನ ಓಟು ನಿಲುವಂಗಿಗೆ. ನೀವೇನಂತೀರಿ?

ಅಡ್ಡಮಾತು

ನನ್ನ ಓಟೂ ನಿಲುವಂಗಿಗೆ. ಭಾನುವಾರ ನಾನೂ ಲುಂಗಿಯಲ್ಲೇ ಇರುತ್ತೇನೆ, ಯಾರೂ ಚಿತ್ರ ಬರೆಯುವುದಿಲ್ಲ ಅಷ್ಟೇ.

ಹಳೇ ಪುಸ್ತಕ

ದಡದವರೇ, ನಿಮಗೆ ಆದ ಮುಜುಗರ ಪುಷ್ಕಿನ್‌ಗೂ ಆಗಿತ್ತು. ಚಿತ್ರ ನೋಡಿದ ಮೇಲೆ ಅವನು ಕಿಪ್ರೆನ್‌ಸ್ಕಿಗೆ ಒಂದು ಪುಟ್ಟ ಪದ್ಯ ಬರೆದ. ಅದರಲ್ಲಿ ಹೀಗೆ ಬರುತ್ತದೆ: ಕನ್ನಡಿಯಲ್ಲಿ ನೋಡಿದ ಹಾಗೆ ನನ್ನನ್ನೇ ನೋಡುತ್ತಿದ್ದೇನೆ, ಆದರೆ ಈ ಕನ್ನಡಿ ನನ್ನನ್ನು ಹೊಗಳಿ ಉಬ್ಬಿಸುತ್ತಿದೆ. ನಮ್ಮಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಮಾತಿದೆ ನೋಡಿ, ಮುಖಸ್ತುತಿ. ಮುಖದ ಚಿತ್ರಕ್ಕೆ ಇದಕ್ಕಿಂತ ಸರಿಯಾದ ಬೈಗುಳ ಸಿಗಲಾರದು.

ಬೈಗುಳ ಅಂದೆ, ಪೂರ್ತಿ ಬೈಗುಳವೂ ಅಲ್ಲ. ಅದೇ ಪದ್ಯದಲ್ಲಿ ಕಲಾವಿದನನ್ನು ಮುದ್ದಿನ ಮಾಂತ್ರಿಕ ಅಂತ ಕರೆಯುತ್ತಾನೆ. ಇನ್ನು ಮುಂದೆ ರೋಮ್, ಡ್ರೆಸ್ಡೆನ್, ಪ್ಯಾರಿಸ್‌ಗೆಲ್ಲ ನನ್ನ ಮುಖ ಗೊತ್ತಾಗುತ್ತದೆ ಅಂತ ನಗುತ್ತಾನೆ. ಕಿಪ್ರೆನ್‌ಸ್ಕಿ ಆ ಚಿತ್ರವನ್ನು ಹೊರದೇಶಗಳಲ್ಲಿ ತೋರಿಸಬೇಕು ಅಂದುಕೊಂಡಿದ್ದ. ಪುಷ್ಕಿನ್‌ಗೆ ಮಾತ್ರ ಜೀವಮಾನದಲ್ಲಿ ಒಮ್ಮೆಯೂ ರಷ್ಯಾ ಬಿಟ್ಟು ಯೂರೋಪಿಗೆ ಹೋಗಲು ಬಿಡಲಿಲ್ಲ. ಮುಖವಾದರೂ ಹೋಗಲಿ ಅನ್ನುವ ಧ್ವನಿ ನನಗೆ ಆ ಸಾಲಿನಲ್ಲಿ ಕೇಳಿಸುತ್ತದೆ.

ಚಳಿಗೆ ಬೆದರದವ

ಮಾಸ್ಕೋದಲ್ಲಿ ಆರು ವರ್ಷ ಇದ್ದವನು ನಾನು. ಒಂದು ಸಣ್ಣ ವಿವರ ಸೇರಿಸುತ್ತೇನೆ. ಕಿಪ್ರೆನ್‌ಸ್ಕಿಯ ಚಿತ್ರ ಈಗ ಮಾಸ್ಕೋದಲ್ಲಿದೆ, ಆದರೆ ಬರೆದದ್ದು ಪೀಟರ್ಸ್‌ಬರ್ಗ್‌ನಲ್ಲಿ. ತ್ರೊಪೀನಿನ್‌ನದು ಈಗ ಪೀಟರ್ಸ್‌ಬರ್ಗ್‌ನ ಪುಷ್ಕಿನ್ ಮ್ಯೂಸಿಯಂನದು, ಬರೆದದ್ದು ಮಾಸ್ಕೋದಲ್ಲಿ! ಊರು ಅದಲುಬದಲಾಗಿದೆ.

1826ರ ಸೆಪ್ಟೆಂಬರ್‌ನಲ್ಲಿ ಹೊಸ ಝಾರ್ ನಿಕೊಲಾಯ್ ಪುಷ್ಕಿನ್‌ನನ್ನು ಹಳ್ಳಿಯ ಗಡೀಪಾರಿನಿಂದ ಮಾಸ್ಕೋಗೆ ಕರೆಸಿಕೊಂಡ. ಆ ಚಳಿಗಾಲ ಗೆಳೆಯ ಸೊಬೊಲೆವ್‌ಸ್ಕಿಯ ಮನೆಯಲ್ಲಿ ಇದ್ದ. ಆಗ ಆದದ್ದು ನಿಲುವಂಗಿಯ ಚಿತ್ರ. ಮೇ ತಿಂಗಳಲ್ಲಿ ಪೀಟರ್ಸ್‌ಬರ್ಗ್‌ಗೆ ಹೋದ. ಬೇಸಿಗೆಯಲ್ಲಿ ಅಲ್ಲಿ ಕಿಪ್ರೆನ್‌ಸ್ಕಿ ಬರೆದ. ಅಂದರೆ ಎರಡರ ನಡುವೆ ಕೆಲವೇ ತಿಂಗಳು.

ಸ್ಟುಡಿಯೋ ಮನೆ

ನಮ್ಮ ತಂದೆಯದು ಫೋಟೋ ಸ್ಟುಡಿಯೋ. ಕಪ್ಪು ಬಿಳುಪು ಕಾಲದ್ದು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಇಟ್ಟುಕೊಂಡು ಟಚಪ್ ಮಾಡುತ್ತಿದ್ದರು. ಕಣ್ಣ ಕೆಳಗಿನ ಗೆರೆ ಹೋಗುತ್ತಿತ್ತು, ಸಿಡುಬಿನ ಕಲೆ ಹೋಗುತ್ತಿತ್ತು. ಹುಡುಗಿ ತೋರಿಸುವ ಫೋಟೋ ಅಂದರೆ ಒಂದು ತಾಸು ಹೆಚ್ಚಿಗೆ ಕೂರುತ್ತಿದ್ದರು.

ಒಮ್ಮೆ ಒಬ್ಬ ಅಜ್ಜ ಬಂದು ಫೋಟೋ ವಾಪಸ್ ಕೊಟ್ಟರು. "ಇದು ನಾನಲ್ಲಪ್ಪ, ನನ್ನ ಮಗ" ಅಂದರು. ಅಪ್ಪ ಟಚಪ್ ಇಲ್ಲದ ಪ್ರಿಂಟ್ ಮಾಡಿ ಕೊಟ್ಟರು. ಅಜ್ಜ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೊನೆಗೆ ಮನೆಗೆ ಒಯ್ದದ್ದು ಮಗನ ಹಾಗಿದ್ದದ್ದನ್ನೇ.

ಪುಷ್ಕಿನ್ ಏನು ಮಾಡಿದ? ಕನ್ನಡಿ ಸುಳ್ಳು ಅಂದವನು ಆ ಚಿತ್ರ ಬೇಡ ಅಂದನಾ?

ಹಳೇ ಪುಸ್ತಕ

ಸ್ಟುಡಿಯೋದವರೇ, ನಿಮ್ಮ ಅಜ್ಜ ಮಾಡಿದ್ದನ್ನೇ ಮಾಡಿದ!

ಆ ಚಿತ್ರ ಬರೆಸಿದ್ದು ಅವನ ಶಾಲಾ ದಿನಗಳ ಗೆಳೆಯ, ಕವಿ ದೆಲ್ವಿಗ್. 1831ರ ಜನವರಿಯಲ್ಲಿ ದೆಲ್ವಿಗ್ ತೀರಿಕೊಂಡ. ಆಮೇಲೆ ಪುಷ್ಕಿನ್ ಆ ಚಿತ್ರವನ್ನು ಅವನ ಹೆಂಡತಿಯಿಂದ ದುಡ್ಡು ಕೊಟ್ಟು ಕೊಂಡುಕೊಂಡ. ಮುಂದೆ ಅದು ಮಕ್ಕಳು ಮೊಮ್ಮಕ್ಕಳ ಕೈಗೆ ಹೋಯಿತು. 1916ರಲ್ಲಿ ಮೊಮ್ಮಗನಿಂದ ತ್ರೆತ್ಯಾಕೋವ್ ಗ್ಯಾಲರಿ ಕೊಂಡುಕೊಂಡಿತು.

ಕೊಂಡದ್ದು ಮುಖಸ್ತುತಿಯ ಆಸೆಗೆ ಅಂತ ನನಗನ್ನಿಸುವುದಿಲ್ಲ. ದೆಲ್ವಿಗ್‌ನ ಸಾವು ಅವನನ್ನು ತುಂಬಾ ಕಾಡಿತ್ತು. ಆ ಚಿತ್ರ ಅವನಿಗೆ ತನ್ನ ಮುಖಕ್ಕಿಂತ ಜಾಸ್ತಿ ಗೆಳೆಯನ ನೆನಪು. ಅಂದಹಾಗೆ, ಹಿಂದೆ ಇರುವ ಆ ಕಾವ್ಯದೇವತೆಯ ಮೂರ್ತಿ ಇದೆಯಲ್ಲ, ಅದನ್ನು ಸೇರಿಸಿದ್ದು ದೆಲ್ವಿಗ್ ಕೇಳಿಕೊಂಡದ್ದಕ್ಕೆ.

ತುಂಗೆಯ ದಡ

ಹಾಗಾದರೆ ನಾನು ಹಾರ ಅಂದದ್ದು ಸುಮ್ನೆ ಅಲ್ಲ. ಹಾರ ತಂದವನು ಗೆಳೆಯ. ಸ್ವಲ್ಪ ಪಾಪ ಅನ್ನಿಸಿತು. ಆದರೂ ಓಟು ಬದಲಾಯಿಸುವುದಿಲ್ಲ.

ಬಣ್ಣದ ಪೆಟ್ಟಿಗೆ

ನಾನು ಹೈಸ್ಕೂಲ್ ಡ್ರಾಯಿಂಗ್ ಟೀಚರ್. ಎಲ್ಲರೂ ನಿಲುವಂಗಿ ಪಕ್ಷ ಸೇರಿದ್ದೀರಿ, ಕಿಪ್ರೆನ್‌ಸ್ಕಿ ಪರವಾಗಿ ಒಬ್ಬಳಾದರೂ ಇರಲಿ.

ಮೊದಲು ಕೆಲಸ ನೋಡಿ. ಕೋಟು ಹೆಚ್ಚುಕಡಿಮೆ ಕಪ್ಪು. ಬೆಳಕೆಲ್ಲ ಹಣೆ ಮತ್ತು ಕೈ ಎರಡೇ ಕಡೆ ಬಿದ್ದಿದೆ. ಕವಿಗೆ ಬೇಕಾದದ್ದು ಅವೆರಡೇ ತಾನೇ? ತಲೆಯ ಸುತ್ತ ಹಿನ್ನೆಲೆ ಸ್ವಲ್ಪ ತಿಳಿಯಾಗಿದೆ. ಪ್ರಭಾವಳಿ ಬರೆದಿಲ್ಲ, ಆದರೆ ಪ್ರಭಾವಳಿ ಇದ್ದ ಹಾಗಿದೆ. ಕುಂಚದ ಗೀಟು ಮುಖದ ಮೇಲೆ ಕಾಣುವುದೇ ಇಲ್ಲ. ಎಣ್ಣೆಬಣ್ಣವನ್ನು ತೆಳ್ಳಗೆ ಪದರ ಪದರವಾಗಿ ಹಚ್ಚಬೇಕು. ಒಂದು ಪದರ ಆರದೆ ಇನ್ನೊಂದು ಹಾಕಿದರೆ ರಾಡಿಯಾಗುತ್ತದೆ. ತಾಳ್ಮೆ ಬೇಡುವ ಕೆಲಸ.

ಆ ಕಾಲಕ್ಕೆ ಕವಿಯನ್ನು ಹೀಗೇ ಬರೆಯಬೇಕು ಅನ್ನುವ ಒಂದು ರೂಢಿ ಬಂದಿತ್ತು. ಲಂಡನ್ನಿನಲ್ಲಿ ಥಾಮಸ್ ಫಿಲಿಪ್ಸ್ ಎಂಬ ಕಲಾವಿದ ಇಂಗ್ಲಿಷ್ ಕವಿ ಬೈರನ್‌ಗೆ ಅಲ್ಬೇನಿಯಾದ ಉಡುಪು ತೊಡಿಸಿ ಬರೆದದ್ದನ್ನು 1814ರಲ್ಲಿ ರಾಯಲ್ ಅಕಾಡೆಮಿಯಲ್ಲಿ ತೋರಿಸಿದ್ದರು. ಕವಿ ಅಂದರೆ ಹೆಗಲ ಮೇಲೆ ಏನಾದರೂ ಬೀಸಿ ಹೊದ್ದಿರಬೇಕು, ದೂರ ಎಲ್ಲೋ ನೋಡಬೇಕು. ಪುಷ್ಕಿನ್‌ನ ಚೌಕಳಿ ಹೊದಿಕೆ ಆ ಗಾಳಿಯದ್ದೇ. ಸ್ಕಾಟ್ಲೆಂಡಿನ ಬಟ್ಟೆ, ಬೈರನ್ ಮತ್ತು ಸ್ಕಾಟ್ ಓದಿದವರ ಫ್ಯಾಷನ್. ಆದರೆ ಕಿಪ್ರೆನ್‌ಸ್ಕಿ ಅದನ್ನು ಅತಿ ಮಾಡಲಿಲ್ಲ. ಬಿರುಗಾಳಿ ಇಲ್ಲ, ಬಂಡೆ ಇಲ್ಲ, ಸಮುದ್ರ ಇಲ್ಲ. ಒಬ್ಬ ಮನುಷ್ಯ ಕೈ ಕಟ್ಟಿಕೊಂಡು ಯೋಚಿಸುತ್ತಿದ್ದಾನೆ ಅಷ್ಟೇ.

ಕಿಪ್ರೆನ್‌ಸ್ಕಿಗೆ ಬೇರೆ ಥರವೂ ಬರೆಯಲು ಬರುತ್ತಿತ್ತು. 1804ರಲ್ಲಿ ತನ್ನ ಸಾಕುತಂದೆಯನ್ನು ಎಷ್ಟು ಒರಟಾಗಿ, ಗಟ್ಟಿಯಾಗಿ ಬರೆದಿದ್ದ ಅಂದರೆ, ಮುಂದೆ ಇಟಲಿಯಲ್ಲಿ ಅದನ್ನು ತೋರಿಸಿದಾಗ ಇದು ಹಳೆಯ ದೊಡ್ಡ ಕಲಾವಿದರ ಚಿತ್ರ ಅಂತ ಅಲ್ಲಿಯ ಪಂಡಿತರು ವಾದಿಸಿದ್ದರಂತೆ. ಹೀಗೆ ಬರೆಯಬಲ್ಲವನು ಪುಷ್ಕಿನ್‌ನನ್ನು ನಯವಾಗಿ ಬರೆದ ಅಂದರೆ ಬೇಕು ಅಂತಲೇ ಬರೆದ.

ಅಡ್ಡಮಾತು

ಟೀಚರ್, ಬೇಕು ಅಂತಲೇ ಮಾಡುವುದನ್ನೇ ಮುಖಸ್ತುತಿ ಅನ್ನೋದು ಅಲ್ವಾ?

ಬಣ್ಣದ ಪೆಟ್ಟಿಗೆ

ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವರು ನೀವು ಅಂತ ಗೊತ್ತಾಯಿತು.

ಸರಿ, ಇದಕ್ಕೆ ಉತ್ತರ ಕೊಡಿ. ಪುಷ್ಕಿನ್‌ನ ಸ್ವಂತ ತಂದೆ, ಮಗನ ಎಲ್ಲ ಚಿತ್ರಗಳಲ್ಲಿ ಕಿಪ್ರೆನ್‌ಸ್ಕಿಯದ್ದೇ ಚೆನ್ನಾಗಿರುವುದು ಅಂತ ಹೇಳಿದ್ದರು. ಹೆತ್ತ ಅಪ್ಪನಿಗಿಂತ ನಮಗೆ ಜಾಸ್ತಿ ಗೊತ್ತಾ?

ಸ್ಟುಡಿಯೋ ಮನೆ

ಅಕ್ಕ, ಟಚಪ್ ಚೆನ್ನಾಗಿದೆ ಅಂತ ಮೊದಲು ಹೇಳುವವರು ಹೆತ್ತವರೇ. ನಮ್ಮ ಅಂಗಡಿಯ ಅನುಭವ.

ಹಳೇ ಪುಸ್ತಕ

ಈಗ ನಿಲುವಂಗಿ ಪಕ್ಷಕ್ಕೂ ಒಂದು ಏಟು ಕೊಡುತ್ತೇನೆ.

ತ್ರೊಪೀನಿನ್‌ನ ಚಿತ್ರ ನೋಡಿ, ಪುಷ್ಕಿನ್ ಮನೆಯಲ್ಲಿ ಹೇಗಿದ್ದನೋ ಹಾಗೇ ಸಿಕ್ಕಿಬಿದ್ದ ಅಂದುಕೊಂಡಿದ್ದೀರಿ ಅಲ್ವಾ? ಇಲ್ಲ. ಅದೂ ಹೇಳಿ ಬರೆಸಿದ್ದೇ. ಬರೆಸಿದವನು ಸೊಬೊಲೆವ್‌ಸ್ಕಿ ಅನ್ನುತ್ತಾರೆ. ಬಾಚಿ, ಎಣ್ಣೆ ಹಚ್ಚಿ, ನೀಟಾಗಿ ಮಾಡಿದ ಪುಷ್ಕಿನ್ ಅವನಿಗೆ ಬೇಡವಾಗಿದ್ದ. ಮನೆಯ ಬಟ್ಟೆ ಇರಲಿ, ಕೂದಲು ಕೆದರಿರಲಿ, ಅವನು ಇಷ್ಟಪಡುವ ಉಂಗುರ ಬೆರಳಲ್ಲಿರಲಿ, ಹಾಗೆ ಬರೆದುಕೊಡು ಅಂತ ಕೇಳಿದ್ದ. ಅಂದರೆ ಕೆದರಿದ ಕೂದಲೂ ಆರ್ಡರ್ ಕೊಟ್ಟು ಮಾಡಿಸಿದ್ದು! ಒಬ್ಬ ಗೆಳೆಯ ದೇವತೆಯನ್ನು ಸೇರಿಸು ಅಂದ, ಇನ್ನೊಬ್ಬ ಬಾಚಣಿಗೆ ತೆಗೆದಿಡು ಅಂದ.

ತ್ರೊಪೀನಿನ್‌ಗೆ ನಿಲುವಂಗಿ ಹೊಸದೇನಲ್ಲ. ಮಾಸ್ಕೋದ ಎಷ್ಟೋ ಜನರನ್ನು ಅವನು ಹಾಗೇ ಬರೆದಿದ್ದಾನೆ. ಅದು ಅವನ ಕೈಗುಣ. ಅದಕ್ಕೂ ಒಂದು ಅರ್ಥವಿತ್ತು. ಮನೆಯ ಬಟ್ಟೆ ಅಂದರೆ ಸರ್ಕಾರಿ ಸಮವಸ್ತ್ರ ಅಲ್ಲ, ದರ್ಬಾರು ಅಲ್ಲ, ನನ್ನ ಪಾಡಿಗೆ ನಾನಿದ್ದೇನೆ ಅಂತ. 1827ರಲ್ಲಿ ಪುಷ್ಕಿನ್‌ನ ಬರಹವನ್ನೆಲ್ಲ ಝಾರ್ ತಾನೇ ನೋಡಿ ಒಪ್ಪಬೇಕಿತ್ತು. ಹಿಂದಿನ ವರ್ಷವಷ್ಟೇ ಅವನ ಬಳಗದ, 1825ರ ಡಿಸೆಂಬರ್‌ನಲ್ಲಿ ಝಾರ್ ವಿರುದ್ಧ ಎದ್ದ ದಂಗೆಕೋರರಲ್ಲಿ ಐವರನ್ನು ಗಲ್ಲಿಗೇರಿಸಿದ್ದರು. ಅಂಥ ಹೊತ್ತಿನಲ್ಲಿ ಕೊರಳ ಗುಂಡಿ ಬಿಚ್ಚಿ ಕುಳಿತ ಚಿತ್ರವೂ ಒಂದು ವೇಷವೇ. ನನಗೆ ಇಷ್ಟವಾದ ವೇಷ, ಆದರೂ ವೇಷ.

ತುಂಗೆಯ ದಡ

ಇದು ಗೊತ್ತಿರಲಿಲ್ಲ. ಓಟು ಈಗ ಸ್ವಲ್ಪ ಅಲುಗಾಡುತ್ತಿದೆ.

ಚಳಿಗೆ ಬೆದರದವ

ಕಲಾವಿದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನಗೆ ಅದೇ ದೊಡ್ಡ ವಿಷಯ.

ತ್ರೊಪೀನಿನ್ ಜೀತದ ಆಳಾಗಿ ಹುಟ್ಟಿದವನು, 1776ರಲ್ಲಿ. ಆಗಿನ ರಷ್ಯಾದಲ್ಲಿ ಜಮೀನಿನ ಜೊತೆ ಜನರೂ ಜಮೀನ್ದಾರನ ಆಸ್ತಿ. ಒಡೆಯನ ಮಗಳ ಮದುವೆಯಾದಾಗ ಇವನು ಬಳುವಳಿಯಾಗಿ ಅಳಿಯ ಮೊರ್ಕೋವ್ ಎಂಬ ಕೌಂಟ್‌ನ ಮನೆಗೆ ಹೋದ. ಮಿಠಾಯಿ ಮಾಡುವುದನ್ನು ಕಲಿ ಅಂತ ಪೀಟರ್ಸ್‌ಬರ್ಗ್‌ಗೆ ಕಳಿಸಿದ್ದರು. ಅಲ್ಲಿ ಕಲಾ ಅಕಾಡೆಮಿಯ ಪಾಠಕ್ಕೆ ಹೋಗಿ ಕೂತ. ಒಡೆಯ ವಾಪಸ್ ಕರೆಸಿಕೊಂಡ. ಚಿತ್ರಕಾರ ಅಂತ ಹೆಸರು ಮಾಡಿದ ಮೇಲೂ ಆ ಮನೆಯ ಆಳೇ. ಬಿಡುಗಡೆ ಸಿಕ್ಕಿದ್ದು 1823ರ ಈಸ್ಟರ್ ಹಬ್ಬಕ್ಕೆ, 47ನೇ ವಯಸ್ಸಿನಲ್ಲಿ. ಮಗನಿಗೆ ಆಗಲೂ ಸಿಗಲಿಲ್ಲ. ಪುಷ್ಕಿನ್ ಎದುರಿಗೆ ಕುಳಿತಿದ್ದಾಗ ತ್ರೊಪೀನಿನ್‌ನ ಮಗ ಇನ್ನೂ ಜೀತದಲ್ಲೇ ಇದ್ದ.

ಕಿಪ್ರೆನ್‌ಸ್ಕಿಯೂ ಜೀತದ ಹೆಣ್ಣಿನ ಮಗ. ಅಪ್ಪ ಜಮೀನ್ದಾರ, ಹೆಸರು ಕೊಡಲಿಲ್ಲ. ಟೀಚರ್ ಹೇಳಿದ ಆ ಸಾಕುತಂದೆ ಶ್ವಾಲ್ಬೆಯೂ ಜೀತದವನೇ. ಕಿಪ್ರೆನ್‌ಸ್ಕಿ ಅನ್ನುವ ಮನೆತನದ ಹೆಸರೇ ಕಟ್ಟಿಕೊಂಡದ್ದು.

ಆರುನೂರು ವರ್ಷದ ವಂಶ ನಮ್ಮದು ಅಂತ ಹೇಳಿಕೊಳ್ಳುತ್ತಿದ್ದ ಕವಿಯ ಮುಖವನ್ನು ಇಡೀ ಲೋಕ ನೆನಪಿಟ್ಟುಕೊಂಡಿರುವುದು ಈ ಇಬ್ಬರ ಕೈಯಿಂದ.

ಬಣ್ಣದ ಪೆಟ್ಟಿಗೆ

ಇದನ್ನು ಓದಿ ಐದು ನಿಮಿಷ ಸುಮ್ಮನೆ ಕುಳಿತೆ.

ಹಳೇ ಪುಸ್ತಕ

ವಂಶದ ಮಾತು ಬಂತಲ್ಲ. ಅದೇ ಪುಷ್ಕಿನ್‌ನ ತಾಯಿಯ ಕಡೆಯ ಮುತ್ತಜ್ಜ ಅಬ್ರಾಮ್ ಗನ್ನಿಬಾಲ್ ಆಫ್ರಿಕಾದಿಂದ ಬಂದ ಹುಡುಗ, ಪೀಟರ್ ಚಕ್ರವರ್ತಿಯ ಆಶ್ರಯದಲ್ಲಿ ಬೆಳೆದವನು. ಪುಷ್ಕಿನ್‌ಗೆ ಅವನ ಬಗ್ಗೆ ಹೆಮ್ಮೆ ಇತ್ತು. ತನ್ನ ಮುಖದ ಬಗ್ಗೆ ಮಾತ್ರ ಜೀವನಪೂರ್ತಿ ಕೀಳರಿಮೆ. ಹದಿನೈದರ ಹುಡುಗ ಫ್ರೆಂಚಿನಲ್ಲಿ ತನ್ನ ಬಗ್ಗೆ ಪದ್ಯ ಬರೆದಾಗಲೇ ಮುಖ ಮಂಗನದು ಅಂತ ಹೇಳಿಕೊಂಡಿದ್ದ. 1836ರಲ್ಲಿ ಹೆಂಡತಿಗೆ ಬರೆದ ಕಾಗದದಲ್ಲಿ, ಇಲ್ಲಿ ನನ್ನ ಮೂರ್ತಿ ಮಾಡಬೇಕು ಅಂತಿದ್ದಾರೆ, ನನಗೆ ಬೇಡ, ನನ್ನ ಆಫ್ರಿಕನ್ ಕುರೂಪ ಸತ್ತ ಹಾಗೆ ಅಲುಗಾಡದೆ ಶಾಶ್ವತವಾಗಿ ಉಳಿದುಬಿಡುತ್ತದೆ ಅಂದಿದ್ದಾನೆ.

ಆ ಮಾತನ್ನು ಇಂದು ಓದಿದರೆ ಸಂಕಟವಾಗುತ್ತದೆ. ಆದರೆ ಅದರಲ್ಲಿ ಇನ್ನೊಂದು ವಿಷಯ ಇದೆ, ಅಲುಗಾಡದೆ ಅನ್ನುವುದು. ಅವನ ಮುಖ ಒಂದು ಕಡೆ ನಿಲ್ಲುತ್ತಿರಲಿಲ್ಲ. ತ್ರೊಪೀನಿನ್‌ನ ಚಿತ್ರ ಮುಗಿದಾಗ ಮಾಸ್ಕೋದ ಪತ್ರಿಕೆಯಲ್ಲಿ ಪೊಲೆವೋಯ್ ಅನ್ನುವವರು ಬರೆದರು: ಹೋಲಿಕೆ ಅಚ್ಚರಿ ಪಡುವಷ್ಟಿದೆ, ಆದರೆ ನೋಟದ ಚುರುಕು ಪೂರ್ತಿ ಸಿಕ್ಕಿಲ್ಲ, ಆ ಮುಖ ಕ್ಷಣ ಕ್ಷಣಕ್ಕೂ ಬದಲಾಗುತ್ತದೆ.

ನೋಡಿದವರೇ ಕೊಟ್ಟ ದೂರು ಇದು. ಹಾಗಾಗಿ ನನ್ನ ಲೆಕ್ಕದಲ್ಲಿ ಕಿಪ್ರೆನ್‌ಸ್ಕಿ ಹೊಗಳಿದ್ದು ಮೂಗು ಬಾಯನ್ನಲ್ಲ. ಅವನಿಗೆ ಇಲ್ಲದ ಶಾಂತಿಯನ್ನು ಕೊಟ್ಟ. ತ್ರೊಪೀನಿನ್ ಕೊಟ್ಟದ್ದೂ ಒಂದು ಬಗೆಯ ಶಾಂತಿಯೇ. ಮನೆಯೇ ಇಲ್ಲದವನಿಗೆ ಮನೆಯ ಬಟ್ಟೆ.

ಅಡ್ಡಮಾತು

ಹೀಗೆ ಬರೆದರೆ ನಾನು ತಮಾಷೆ ಮಾಡುವುದು ಹೇಗೆ? ಒಂದು ಪೆದ್ದು ಪ್ರಶ್ನೆ ಕೇಳಿಬಿಡುತ್ತೇನೆ. ಫೋಟೋ ಇಲ್ವಾ?

ಸ್ಟುಡಿಯೋ ಮನೆ

ಇಲ್ಲ ಅಣ್ಣ. ಅವನು ದ್ವಂದ್ವಯುದ್ಧದಲ್ಲಿ ಗುಂಡು ತಗುಲಿ ಸತ್ತದ್ದು 1837. ದಗೆರ್ ಫೋಟೋ ತೆಗೆಯುವ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839. ಎರಡೇ ವರ್ಷ ತಪ್ಪಿತು. ಸತ್ತ ಮೇಲೆ ಮುಖದ ಅಚ್ಚು ತೆಗೆದಿದ್ದಾರೆ. ಅದೊಂದೇ ಟಚಪ್ ಇಲ್ಲದ್ದು. ಆದರೆ ಅದು ಪೂರ್ತಿ ಅಲುಗಾಡದ್ದು. ಅವನು ಹೆದರಿದ್ದು ಅದಕ್ಕೇ.

ನಾನು ಚಿಕ್ಕವನಿದ್ದಾಗ ಈ ಮುಖ ಮೊದಲು ನೋಡಿದ್ದು ನೋಟ್‌ಬುಕ್ ರ‍್ಯಾಪರ್ ಮೇಲೆ. ಸೋವಿಯತ್ ಪತ್ರಿಕೆಗಳು ಮನೆಗೆ ಬರುತ್ತಿದ್ದವಲ್ಲ, ನುಣ್ಣನೆ ಕಾಗದ, ಎಲ್ಲ ಮಕ್ಕಳೂ ಬೈಂಡ್ ಹಾಕಲು ಅದನ್ನೇ ಕಾಯುತ್ತಿದ್ದೆವು. ಗಣಿತದ ಪುಸ್ತಕಕ್ಕೆ ಕೈ ಕಟ್ಟಿಕೊಂಡ ಪುಷ್ಕಿನ್. ಯಾರು ಅಂತ ಗೊತ್ತಿರಲಿಲ್ಲ. ಗಣಿತದ ಪಂಡಿತ ಇರಬೇಕು ಅಂದುಕೊಂಡಿದ್ದೆ.

ಹಳೇ ಪುಸ್ತಕ

ಅವನ ಕಾಲದ ರಷ್ಯನ್ನರಿಗೂ ಆ ಮುಖ ಕಾಗದದ ಮೇಲೇ ಸಿಕ್ಕಿದ್ದು. ಅದೇ 1827ರಲ್ಲಿ ಉತ್ಕಿನ್ ಎನ್ನುವ ಕೆತ್ತನೆಗಾರ ಕಿಪ್ರೆನ್‌ಸ್ಕಿಯ ಚಿತ್ರವನ್ನು ಅಚ್ಚಿಗೆ ಕೆತ್ತಿದ. ದೆಲ್ವಿಗ್ ಹೊರತರುತ್ತಿದ್ದ "ಉತ್ತರದ ಹೂಗಳು" ಅನ್ನುವ ವಾರ್ಷಿಕ ಸಂಚಿಕೆಯಲ್ಲಿ, 1828ರದ್ದರಲ್ಲಿ, ಅದು ಬಂತು. ಅಲ್ಲಿಂದ ಮನೆಮನೆಗೆ ಹೋಯಿತು.

ಇತ್ತ ತ್ರೊಪೀನಿನ್‌ನ ಚಿತ್ರ ಕಾಣೆಯಾಗಿತ್ತು! ಸೊಬೊಲೆವ್‌ಸ್ಕಿ ಅದನ್ನು ಮಾಸ್ಕೋದಲ್ಲಿ ಬಿಟ್ಟು ಕೆಲವು ವರ್ಷ ಹೊರದೇಶಕ್ಕೆ ಹೋದ. ವಾಪಸ್ ಬಂದು ಪೆಟ್ಟಿಗೆ ತೆಗೆದರೆ ಒಳಗೆ ನಕಲು. ಯಾರೋ ಅಸಲಿ ಎತ್ತಿಕೊಂಡು ನಕಲಿ ಇಟ್ಟಿದ್ದರು. ಅಸಲಿ ಸಿಕ್ಕಿದ್ದು 1850ರ ದಶಕದಲ್ಲಿ, ಮಾಸ್ಕೋದ ಒಂದು ಅಂಗಡಿಯಲ್ಲಿ. ಕೊಂಡ ಒಬೊಲೆನ್‌ಸ್ಕಿ ಎಂಬ ರಾಜಮನೆತನದವನು ಅದನ್ನು ಮುದುಕ ತ್ರೊಪೀನಿನ್ ಹತ್ತಿರ ಒಯ್ದ. ತ್ರೊಪೀನಿನ್ ಗುರುತು ಹಿಡಿದ. ಹಾಳಾದ ಕಡೆ ಸ್ವಲ್ಪ ಬಣ್ಣ ಹಚ್ಚಿಕೊಡಿ ಅಂದರೆ ಒಪ್ಪಲಿಲ್ಲ. ಎದುರಿಗೆ ಕೂರಿಸಿಕೊಂಡು, ಅದೂ ಎಳೆಯ ಕೈಯಿಂದ ಹಾಕಿದ ಗೆರೆ, ಅದನ್ನು ಮುಟ್ಟುವ ಧೈರ್ಯ ನನಗಿಲ್ಲ ಅಂದನಂತೆ. ಧೂಳು ತೆಗೆದು ಕೊಟ್ಟ.

ಚಳಿಗೆ ಬೆದರದವ

ಎಳೆಯ ಕೈ! 1827ರಲ್ಲಿ ಆ ಕೈಗೆ 51 ವರ್ಷ. ಆದರೆ ಜೀತ ಬಿಟ್ಟು ನಾಲ್ಕೇ ವರ್ಷವಾಗಿತ್ತು. ಲೆಕ್ಕ ಹಾಗೆ ಇಟ್ಟುಕೊಂಡಿದ್ದನೇನೋ.

ಬಣ್ಣದ ಪೆಟ್ಟಿಗೆ

ಟಚಪ್ ಮಾಡಲ್ಲ ಅಂದ ಕಲಾವಿದ! ಸ್ಟುಡಿಯೋ ತಮ್ಮ, ಕೇಳಿಸಿತಾ?

ನಾನು ಒಂದು ರಾಜಿ ಹೇಳುತ್ತೇನೆ. ಮುಖದ ಬಗ್ಗೆ ಸಾಕ್ಷಿಗಳು ಜಗಳವಾಡುತ್ತಿದ್ದಾರೆ. ಹಾಗಾದರೆ ಕೈ ನೋಡೋಣ. ಕಿಪ್ರೆನ್‌ಸ್ಕಿಯ ಚಿತ್ರದಲ್ಲಿ ಕಟ್ಟಿದ ಕೈಯ ಬೆರಳು ನೋಡಿದ್ದೀರಾ? ಉಗುರು ಉದ್ದ ಇದೆ. ಹೊಗಳಬೇಕು ಅಂತಿದ್ದವನು ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

ಹಳೇ ಪುಸ್ತಕ

ಟೀಚರ್, ಸರಿಯಾದ ಜಾಗಕ್ಕೆ ಬಂದಿರಿ. ಆ ಉಗುರು ತ್ರೊಪೀನಿನ್ ಕಣ್ಣಿಗೂ ಬಿದ್ದಿತ್ತು. ಅವನು ಮುಂದೆ ಹೇಳಿದ್ದು ಅಂತ ಒಂದು ಕಥೆ ಇದೆ. ಉದ್ದ ಉಗುರು ನೋಡಿ, ಇವನು ಫ್ರೀಮೇಸನ್ ಅನ್ನುವ ಗುಪ್ತ ಸಂಘದವನಿರಬೇಕು ಅಂತ ಗುಟ್ಟಾಗಿ ಒಂದು ಸನ್ನೆ ಮಾಡಿದನಂತೆ. ಪುಷ್ಕಿನ್ ಉತ್ತರ ಕೊಡುವ ಬದಲು ಬೆರಳು ಎತ್ತಿ ಗದರಿಸಿದನಂತೆ. ಪುಷ್ಕಿನ್ 1821ರಲ್ಲಿ ಕಿಷಿನೇವ್‌ನಲ್ಲಿ ಆ ಸಂಘ ಸೇರಿದ್ದ. ಮರುವರ್ಷ ಸರ್ಕಾರ ಅವನ್ನೆಲ್ಲ ನಿಷೇಧಿಸಿತ್ತು. ಗದರಿಸಿದ್ದು ಹೆದರಿಕೆಗೋ ತಮಾಷೆಗೋ, ಯಾರಿಗೆ ಗೊತ್ತು. ನನಗೆ ಎರಡೂ ಅನ್ನಿಸುತ್ತದೆ.

ಉಗುರಿನ ಮೇಲೆ ಅವನಿಗೆ ನಿಜವಾಗಿಯೂ ಮೋಹ ಇತ್ತು. ಅವನ ಪದ್ಯ ಕಾದಂಬರಿ "ಯೆವ್ಗೆನಿ ಒನೇಗಿನ್"ನ ಮೊದಲ ಅಧ್ಯಾಯದಲ್ಲೇ, ಕೆಲಸಕ್ಕೆ ಬರುವ ಮನುಷ್ಯನೂ ಉಗುರಿನ ಅಂದದ ಬಗ್ಗೆ ಯೋಚಿಸಬಹುದು ಅಂತ ಬರೆದುಬಿಟ್ಟಿದ್ದಾನೆ.

ಅಡ್ಡಮಾತು

ಓಟಿನ ಫಲಿತಾಂಶ: ಕಿಪ್ರೆನ್‌ಸ್ಕಿಗೆ ಒಂದು, ತ್ರೊಪೀನಿನ್‌ಗೆ ಎರಡು, ಅದರಲ್ಲಿ ಒಂದು ಅಲುಗಾಡುತ್ತಿದೆ. ಉಗುರು ಅವಿರೋಧ ಆಯ್ಕೆ.

ತುಂಗೆಯ ದಡ

ಎರಡೂ ಕಾರ್ಡನ್ನು ಶೋಕೇಸಿನ ಗಾಜಿಗೆ ಒರಗಿಸಿ ಇಟ್ಟಿದ್ದೇನೆ. ಬೆಳಿಗ್ಗೆ ನಮ್ಮ ಮನೆಯವರು ನೋಡಿ, "ಯಾರು ಇವರು, ಅಣ್ಣ ತಮ್ಮನಾ?" ಅಂದರು. ಯಾರು ಅಣ್ಣ ಅಂತ ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಕೈ ಕಟ್ಟಿಕೊಂಡವನನ್ನು ತೋರಿಸಿದರು. ನಿಲುವಂಗಿಯವನು ಮನೆಯಲ್ಲೇ ಉಳಿದ ತಮ್ಮನಂತೆ.

ಮಗು ಈ ಭಾನುವಾರ ಮತ್ತೆ ಗ್ಯಾಲರಿ ಕಡೆ ಹೋಗ್ತಾಳಂತೆ. ಮುಖ ಸಾಕು, ಉಗುರು ನೋಡಿ ಬಾ ಅಂತ ಮೆಸೇಜ್ ಹಾಕಿದ್ದೇನೆ.